ಜೇಜುರಿಯ ಬೆಟ್ಟದಲ್ಲಿ ಏಳುಕೋಟಿಯ ಘೋಷ

ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರು ದೂರದ ಜೇಜುರಿಯಲ್ಲಿ ಮೆಟ್ಟಲೇರುವ ಕನ್ನಡಿಗನು ‘ಯಳಕೋಟ ಯಳಕೋಟ, ಜಯ ಮಲ್ಹಾರ’ ಎಂಬ ಘೋಷಕ್ಕೆ ಕಿವಿಗೊಡಬೇಕು. ಯಳಕೋಟವೆಂದರೆ ನಮ್ಮ ಏಳುಕೋಟಿಯೇ. ಇಲ್ಲಿಯ ಖಂಡೋಬನು ನಮ್ಮ ಮೈಲಾರಲಿಂಗನೇ. ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವರ ಕೂಗೂ ಏಳುಕೋಟಿಯದೇ.

ಇಲ್ಲಿ ಪೂಜೆಗೆ ಮುಖ್ಯವಾದುದು ಭಂಡಾರ, ಎಂದರೆ ಅರಿಸಿನದ ಪುಡಿ. ಭಕ್ತರು ಹಿಡಿಹಿಡಿಯಾಗಿ ತೂರುವುದರಿಂದ ಕಲ್ಲು, ಗೋಡೆ, ದೀಪಮಾಲೆಗಳೆಲ್ಲ ಹಳದಿಗಟ್ಟಿವೆ. ‘ಬಂಗಾರದ ಜೇಜುರಿ’ ಎಂಬ ಹೆಸರು ಇದರಿಂದಲೇ ಬಂದಿತು. ನವವರನು ವಧುವನ್ನೆತ್ತಿಕೊಂಡು ಕೆಲವು ಮೆಟ್ಟಲು ಹತ್ತುವುದು ವಾಡಿಕೆ. ದೇವರಿಗಾದರೋ ಮಡದಿಯರಿಬ್ಬರು: ವಾಣಿ ಕುಲದ ಮ್ಹಾಳಸೆ, ಧನಗರರ ಬಾಣಾಯಿ. ನಮ್ಮಲ್ಲಿ ಗಂಗಿಮಾಳವ್ವ, ಕುರುಬತ್ತ್ಯವ್ವ. ಅಂಗಡಿಯವನೂ ಕುರಿಗಾಹಿಯೂ ಒಂದೇ ದೇವರ ಬೀಗರು! ಬಾಣಾಯಿಯ ಗುಡಿಯು ಬೆಟ್ಟದ ನಡುದಾರಿಯಲ್ಲಿದೆ. ಸವತಿಯರ ಜಗಳವೇ ಕಾರಣವೆಂದು ಜನರ ಮಾತು.

ಹೆಣ್ಣುಮಕ್ಕಳನ್ನು ‘ಮುರಳಿ’ಯರೆಂದು ದೇವರಿಗೆ ಬಿಡುವ ಕ್ರೂರ ಪದ್ಧತಿಯೂ ಇಲ್ಲಿ ಇದ್ದಿತು. ಮುಂಬಯಿ ಪ್ರಾಂತದ 1934ರ ಕಾನೂನೂ ಮಹಾರಾಷ್ಟ್ರದ 2005ರ ಕಾನೂನೂ ಇಂಥ ಸಮರ್ಪಣೆಯನ್ನು ನಿಷೇಧಿಸಿವೆ. ನಮ್ಮವರಲ್ಲಿ ಯಾರಾದರೂ ಅಂಥ ಹರಕೆಯನ್ನು ನೆನೆದರೆ, ಭಂಡಾರವೊಂದೇ ಸಾಕೆಂದು ಹೇಳಿ ತಡೆಯತಕ್ಕದ್ದು.

ಮಣಿ, ಮಲ್ಲರೆಂಬ ದೈತ್ಯರನ್ನು ದೇವರು ಗೆದ್ದ ನೆನಪಿನ ಚಂಪಾಷಷ್ಠಿಯು ಮಾರ್ಗಶಿರ ಶುದ್ಧದಲ್ಲಿ ಬರುತ್ತದೆ. ಅಂದು ಸುಟ್ಟ ಬದನೆಯ ಭರೀತ, ಸಜ್ಜೆಯ ರೊಟ್ಟಿ ನೈವೇದ್ಯ. ಚಾತುರ್ಮಾಸದಲ್ಲಿ ಬದನೆಯನ್ನು ಬಿಟ್ಟ ಮರಾಠಿ ಗಿರಾಕಿಗಳು ಅಂದಿನಿಂದ ಅದನ್ನು ಮತ್ತೆ ಕೇಳುವರು.