ಪುಪ್ಪುಸದ ಬೇನೆ ಮೂತ್ರಪಿಂಡಕ್ಕೆ ಇಳಿದಾಗ

ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಧೂಪದಾಳದ ಒಡ್ಡಿನ ಬಳಿ ಒಮ್ಮೆ ತಡೆದು ನಿಲ್ಲುತ್ತದೆ. ಕಾಲುವೆಯ ಪಾಲು ಕಾಲುವೆಗೆ, ಹೊಳೆಯ ಪಾಲು ಹೊಳೆಗೆ ಹೋಗುತ್ತದೆ. ಗೋಕಾಕ ತಾಲ್ಲೂಕಿನ ಕೊಣ್ಣೂರ, ಘಟಪ್ರಭಾ ಕಡೆಯ ಮಕ್ಕಳಿಗೆ ಇದು ಚಿಕ್ಕಂದಿನಿಂದ ಕಂಡ ನೋಟ. ಇಂಥದೇ ಹಂಚಿಕೆಯ ಕೆಲಸವೊಂದು ನಮ್ಮ ಬೆನ್ನೆಲುಬಿನ ಆಚೀಚೆ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಲ್ಲಿ ಹಗಲಿರುಳೂ ನಡೆದಿರುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಸೋಸುಕಗಳಿವೆ. ದಿನವೊಂದಕ್ಕೆ ಇವು ಸೋಸುವ ದ್ರವ ಸುಮಾರು 180 ಲೀಟರ್. ಅದರಲ್ಲಿ ಮೂತ್ರವಾಗಿ ಹೊರಬೀಳುವುದು ಒಂದೂವರೆ, ಎರಡು ಲೀಟರ್ ಮಾತ್ರ. ಉಳಿದುದೆಲ್ಲ ಮರಳಿ ರಕ್ತಕ್ಕೆ.

ಕೋವಿಡ್ ಎಂದರೆ ಕೆಮ್ಮು, ಉಸಿರಾಟದ ತೊಂದರೆ, ಆಮ್ಲಜನಕದ ಸಿಲಿಂಡರ್ ಎಂಬುದೇ 2020ರಲ್ಲಿ ಎಲ್ಲರ ತಿಳಿವಳಿಕೆಯಾಗಿತ್ತು. ಆ ವರ್ಷದ ಸೆಪ್ಟೆಂಬರ್ ಕರ್ನಾಟಕದ ಪಾಲಿಗೆ ಕಠಿಣವಾಗಿತ್ತು. 17ರಂದು ರಾಯಚೂರಿನ ರಾಜ್ಯಸಭಾ ಸದಸ್ಯ ಅಶೋಕ ಗಸ್ತಿ ತೀರಿಕೊಂಡರು. ತೀವ್ರ ನ್ಯುಮೋನಿಯಾದ ಜೊತೆಗೆ ಅವರಿಗೆ ಬಹು ಅಂಗಾಂಗ ವೈಫಲ್ಯವಾಗಿತ್ತು. ಒಂದು ವಾರದೊಳಗೆ, 23ರಂದು, ಕೊಣ್ಣೂರವೂ ಸೇರಿರುವ ಬೆಳಗಾವಿ ಕ್ಷೇತ್ರದ ಸಂಸದ, ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದಲೇ ಕೊನೆಯುಸಿರೆಳೆದರು. ‘ಬಹು ಅಂಗಾಂಗ ವೈಫಲ್ಯ’ ಎಂಬ ಮಾತು ಆಗ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಹೀಗೆ ಕೈಕೊಡುವ ಅಂಗಗಳಲ್ಲಿ ಮೂತ್ರಪಿಂಡ ಮುಂಚೂಣಿಯದು ಎಂಬುದನ್ನು ಓದುಗರು ಅಷ್ಟಾಗಿ ಗಮನಿಸಲಿಲ್ಲ.

ವೈದ್ಯರು ಗಮನಿಸಿದ್ದರು. ಚೀನಾದ ವುಹಾನ್‌ನಲ್ಲಿ ಆಸ್ಪತ್ರೆಗೆ ದಾಖಲಾದ 701 ರೋಗಿಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 44ರಷ್ಟು ಮಂದಿಯ ಮೂತ್ರದಲ್ಲಿ ಪ್ರೋಟೀನ್ ಕಂಡಿತ್ತು. ನ್ಯೂಯಾರ್ಕ್‌ನ ಆಸ್ಪತ್ರೆಗಳಲ್ಲಿ 5,449 ರೋಗಿಗಳ ದಾಖಲೆ ತೆಗೆದು ನೋಡಿದಾಗ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೂತ್ರಪಿಂಡದ ಹಠಾತ್ ಆಘಾತವಾಗಿತ್ತು. ವೆಂಟಿಲೇಟರ್ ಹಾಕಿದವರಲ್ಲಿ ಈ ಪ್ರಮಾಣ ಹತ್ತಕ್ಕೆ ಒಂಬತ್ತು; ಹಾಕದವರಲ್ಲಿ ಹತ್ತಕ್ಕೆ ಎರಡರಷ್ಟು. ಅಂದರೆ ಮನೆಯಲ್ಲೇ ಗುಣವಾದ ಬಹುಪಾಲು ಜನ ಇದಕ್ಕೆ ಹೆದರಬೇಕಾಗಿಲ್ಲ.

ಪುಪ್ಪುಸದ ವೈರಾಣುವಿಗೂ ಮೂತ್ರಪಿಂಡಕ್ಕೂ ಏನು ಸಂಬಂಧ? ಈ ವೈರಾಣು ಜೀವಕೋಶವನ್ನು ಹೊಗಲು ‘ಏಸ್-2’ ಎಂಬ ಪ್ರೋಟೀನನ್ನು ಬಾಗಿಲಾಗಿ ಬಳಸುತ್ತದೆ. ಆ ಬಾಗಿಲು ಮೂತ್ರಪಿಂಡದ ನಳಿಕೆಗಳಲ್ಲೂ ಧಾರಾಳವಾಗಿದೆ. ಆದರೆ ಹೆಚ್ಚಿನ ಹಾನಿ ಪರೋಕ್ಷವಾಗಿ ಆಗುವಂಥದು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಕೂದಲೆಳೆಯಂಥ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ರೋಗದ ವಿರುದ್ಧ ಎದ್ದ ದೇಹದ ಸೈನ್ಯವೇ ಹದ ತಪ್ಪಿ ಮನೆಯೊಳಗೆ ದಾಂಧಲೆ ನಡೆಸುತ್ತದೆ. ಹೃದಯ ಚಿಮ್ಮಿಸುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಪಡೆಯುವ ಅಂಗಕ್ಕೆ ಪೂರೈಕೆ ತಗ್ಗಿದರೆ ಬಹುಬೇಗ ಪೆಟ್ಟು ಬೀಳುತ್ತದೆ.

ತುರ್ತು ಚಿಕಿತ್ಸಾ ಘಟಕದಲ್ಲಿ ಇದರಿಂದ ವಿಚಿತ್ರ ಇಕ್ಕಟ್ಟು ಹುಟ್ಟಿತು. ಸಲೈನ್ ಹೆಚ್ಚು ಕೊಟ್ಟರೆ ಮೊದಲೇ ಊದಿಕೊಂಡ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಪುಪ್ಪುಸವನ್ನು ಉಳಿಸಲೆಂದು ಕಡಿಮೆ ಮಾಡಿದರೆ, ಜ್ವರ, ಭೇದಿಗಳಿಂದ ಬತ್ತಿದ ರೋಗಿಯ ಮೂತ್ರಪಿಂಡ ಒಣಗುತ್ತದೆ. ಕಾಲುವೆಯ ಗೇಟು ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂಬ ಲೆಕ್ಕವನ್ನು ವೈದ್ಯರು ಗಂಟೆಗಂಟೆಗೂ ಹಾಕಬೇಕಾಯಿತು.

ಮನೆಯವರು ಗಮನಿಸಬಹುದಾದ ಲೆಕ್ಕವೂ ಒಂದಿದೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಸತತ ಆರು ಗಂಟೆ ಕಾಲ ಆದರೆ ಅದು ಅಪಾಯದ ಸೂಚನೆ. ಮನೆಯಲ್ಲಿ ಯಾರೂ ಅಳತೆಯ ಪಾತ್ರೆ ಹಿಡಿದು ಕೂರುವುದಿಲ್ಲ, ನಿಜ. ಆದರೆ ಜ್ವರ ಬಂದ ಅಜ್ಜ ಬೆಳಗಿನಿಂದ ಬಚ್ಚಲಿಗೆ ಹೋಗಿಯೇ ಇಲ್ಲ, ಕಾಲು, ಮುಖ ಊದಿವೆ, ಮಾತು ಮಂಕಾಗಿದೆ ಎಂದರೆ ರಾತ್ರಿ ಕಳೆಯಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗೋಕಾಕದ ಕರದಂಟು ಎಷ್ಟೇ ಪ್ರಸಿದ್ಧವಾಗಿರಲಿ, ಅವರ ಪಾಲಿಗೆ ಅದು ಆಸೆಯ ತಿಂಡಿಯೇ ಹೊರತು ಪಥ್ಯವಲ್ಲ.

ಇನ್ನೊಂದು ತಪ್ಪು ನಮ್ಮ ಕೈಯಿಂದಲೇ ಆಗುವಂಥದು. ಬಿಸಿಲಲ್ಲಿ ಕಬ್ಬು ಕಡಿದು ಬಂದವರು, ಮೈಕೈ ನೋವೆಂದು ಅಂಗಡಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ತಂದು ನುಂಗುವುದು ಹಳ್ಳಿಗಳಲ್ಲಿ ಸಾಮಾನ್ಯ. ದೇಹದಲ್ಲಿ ನೀರು ಕಡಿಮೆಯಿರುವಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಮತ್ತಷ್ಟು ತಗ್ಗಿಸುತ್ತವೆ. ಜ್ವರಕ್ಕೆ ಸರಿಯಾದ ಪ್ರಮಾಣದ ಪ್ಯಾರಸಿಟಮಾಲ್ ಈ ದೃಷ್ಟಿಯಿಂದ ವಾಸಿ.

ಮೊದಲೇ ಮೂತ್ರಪಿಂಡ ಸೋತವರ ಪಾಡು ಬೇರೆಯೇ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ವಾರಕ್ಕೆ ಎರಡು ಮೂರು ಸಲದ ಡಯಾಲಿಸಿಸ್‌ಗೆ ಬೀಗ ಹಾಕಲು ಬರುತ್ತದೆಯೇ? ಬಸ್ಸಿಲ್ಲ, ರೈಲಿಲ್ಲ, ಜೊತೆಗೆ ಕೋವಿಡ್ ಪರೀಕ್ಷೆಯ ಚೀಟಿ ಬೇಕು. ಭಾರತದ 19 ದೊಡ್ಡ ಆಸ್ಪತ್ರೆಗಳ ಸಮೀಕ್ಷೆಯಲ್ಲಿ ನೂರಕ್ಕೆ 28ರಷ್ಟು ಡಯಾಲಿಸಿಸ್ ರೋಗಿಗಳು ಆ ದಿನಗಳಲ್ಲಿ ಒಂದಾದರೂ ಸರದಿ ತಪ್ಪಿಸಿಕೊಂಡಿದ್ದರು. ಕೆಲವರು ಮತ್ತೆ ಆಸ್ಪತ್ರೆಯತ್ತ ಬರಲೇ ಇಲ್ಲ. ಕೊಣ್ಣೂರದಂಥ ಊರಿನಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾದವರಿಗೆ ವಾಹನವಿಲ್ಲದ ದಿನವೆಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ವೈರಾಣು ಹೋಗಿಲ್ಲ. ಅಂದು ಆಸ್ಪತ್ರೆ ಸೇರಿ ಬದುಕಿ ಬಂದವರಲ್ಲಿ ಕೆಲವರ ಮೂತ್ರಪಿಂಡ ಪೂರ್ತಿ ಚೇತರಿಸಿಕೊಂಡಿಲ್ಲದಿರಬಹುದು. ನೋವಿಲ್ಲದೆ ಕುಗ್ಗುವ ಅಂಗವಾದ್ದರಿಂದ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವತನಕ ಅದು ದೂರು ಹೇಳುವುದಿಲ್ಲ. ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್: ಈ ಎರಡು ಪರೀಕ್ಷೆಗಳಿಂದ ಸಂಗತಿ ಬಯಲಾಗುತ್ತದೆ. ಇವಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ತಾಲ್ಲೂಕು ಮಟ್ಟದ ಪ್ರಯೋಗಾಲಯ ಸಾಕು.