ಕೂಸಿನ ಗೊರಗೊರ ಎಲ್ಲ ಸಲವೂ ಕಫವಲ್ಲ

ತವರಿಗೆ ಬಂದ ಬಾಣಂತಿಯ ಕೂಸು ಎರಡು ಮೂರು ವಾರಕ್ಕೇ ಗೊರಗೊರ ಅನ್ನತೊಡಗಿದರೆ, ಮದ್ದೂರು–ಮಳವಳ್ಳಿ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಕಫ ಕಟ್ಟಿದೆ’. ಮೆಡಿಕಲ್ ಸ್ಟೋರಿನಿಂದ ಸಿರಪ್ ಬರುತ್ತದೆ, ಎರೆದ ಮೇಲೆ ಸಾಂಬ್ರಾಣಿ ಹೊಗೆ ಜಾಸ್ತಿಯಾಗುತ್ತದೆ, ಮೂಗಿಗೆ ಎಣ್ಣೆ ಬೀಳುತ್ತದೆ. ಸದ್ದು ಮಾತ್ರ ನಿಲ್ಲುವುದಿಲ್ಲ.

ಸದ್ದು ಬರುವುದು ಉಸಿರು ಎಳೆದುಕೊಳ್ಳುವಾಗಲೋ, ಬಿಡುವಾಗಲೋ? ಮಕ್ಕಳ ವೈದ್ಯರಿಗೆ ಮೊದಲು ಬೇಕಾದದ್ದು ಇದು. ಎಳೆಯುವಾಗ ಕೀರಲು ಸದ್ದಾದರೆ ಅಡಚಣೆ ಸಾಮಾನ್ಯವಾಗಿ ಧ್ವನಿಪೆಟ್ಟಿಗೆಯ ಆಸುಪಾಸಿನಲ್ಲಿದೆ. ಬಿಡುವಾಗ ಸುಂಯ್ ಎಂದರೆ ಎದೆಯೊಳಗಿನ ನಳಿಕೆಗಳಲ್ಲಿ. ಎರಡೂ ಹೊತ್ತು ಕೇಳಿಸಿದರೆ ಉಸಿರಿನ ದಾರಿಯೇ ಕಿರಿದಾಗಿರಬಹುದು, ಅಂಥದ್ದಕ್ಕೆ ತಡ ಮಾಡುವಂತಿಲ್ಲ. ಬರೀ ಮೂಗು ಕಟ್ಟಿದ್ದರೆ ಸಲೈನ್ ಹನಿ ಸಾಕು.

ಎಳೆಗೂಸುಗಳಲ್ಲಿ ಎಳೆಯುವಾಗಿನ ಸದ್ದಿಗೆ ಅತಿ ಸಾಮಾನ್ಯ ಕಾರಣ ಲಾರಿಂಗೋಮಲೇಶಿಯಾ. ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನೂ ಮೆತ್ತಗಿದ್ದು, ಉಸಿರೆಳೆದಾಗಲೆಲ್ಲ ಒಳಕ್ಕೆ ಕುಸಿಯುತ್ತದೆ. ಅಂಗಾತ ಮಲಗಿದಾಗ, ಅತ್ತಾಗ, ಹಾಲು ಕುಡಿಯುವಾಗ ಸದ್ದು ಜೋರು. ಹೆಗಲಿಗೆ ಹಾಕಿಕೊಂಡರೆ ಕಡಿಮೆ. ಬಹುತೇಕ ಮಕ್ಕಳಲ್ಲಿ 12ರಿಂದ 18 ತಿಂಗಳ ಹೊತ್ತಿಗೆ ಅದು ತಾನಾಗಿ ಸರಿಹೋಗುತ್ತದೆ. ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ವೈದ್ಯರು ಕಾಯುತ್ತಾರೆ. ಏರದಿದ್ದರೆ ಮೂಗಿನ ಮೂಲಕ ತೆಳು ಕ್ಯಾಮೆರಾ ನಳಿಕೆ ಇಳಿಸಿ, ಕೂಸು ಎಚ್ಚರವಿರುವಾಗಲೇ ಗಂಟಲು ನೋಡುತ್ತಾರೆ.

ಅಪರೂಪಕ್ಕೆ ಧ್ವನಿಪೆಟ್ಟಿಗೆಯ ಕೆಳಗೆ ರಕ್ತನಾಳದ ಗಂಟು ಬೆಳೆಯುತ್ತಿರುತ್ತದೆ. ಇದರಲ್ಲಿ ಸದ್ದು ವಾರದಿಂದ ವಾರಕ್ಕೆ ಏರುತ್ತದೆ, ಕೆಲವು ಮಕ್ಕಳ ಮೈಮೇಲೂ ಕೆಂಪು ಗಂಟು ಕಾಣುತ್ತದೆ. ಇಂಥ ಗಂಟುಗಳನ್ನು ಹೃದಯದ ಔಷಧಿ ಪ್ರೊಪ್ರನಲಾಲ್ ಕುಗ್ಗಿಸುತ್ತದೆಂದು ಫ್ರಾನ್ಸಿನ ಬೋರ್ಡೋ ವೈದ್ಯರು 2008ರಲ್ಲಿ ಪ್ರಕಟಿಸಿದರು. ಅದೂ ಆಕಸ್ಮಿಕವಾಗಿ ಕಂಡದ್ದು: ಔಷಧಿ ಕೊಟ್ಟದ್ದು ಹೃದಯಕ್ಕೆ, ಇಳಿದದ್ದು ಗಂಟು.

ಎಣ್ಣೆಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಸಾಂಬ್ರಾಣಿಯಾಗಲಿ, ಆಲೆಮನೆಯದಾಗಲಿ, ಹೊಗೆಯೂ ಕೂಸಿಗೆ ಒಳ್ಳೆಯದಲ್ಲ.

ಆಸ್ಪತ್ರೆ ಮೆಟ್ಟಿಲು ಹತ್ತಿದೊಡನೆ ಕೂಸು ಸದ್ದು ನಿಲ್ಲಿಸುವುದೂ ಉಂಟು. ಹಾಗಾಗಿ ಮನೆಯಲ್ಲೇ, ಅಂಗಿ ಬಿಚ್ಚಿ ಎದೆ ಕಾಣುವಂತೆ, ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಅಥವಾ ಮೈಸೂರಿನ ಚೆಲುವಾಂಬದಲ್ಲಿ ತೋರಿಸುವಾಗ ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ಕೂಸು ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಗೊತ್ತಾಗದಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡು ತಿಂಗಳೊಳಗಿನ ಕೂಸಿಗೆ 60, ಆಮೇಲೆ ವರ್ಷ ತುಂಬುವವರೆಗೆ 50 ಅಥವಾ ಹೆಚ್ಚಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರು ನಿಂತು ನಿಂತು ಬಂದರೆ, ಹಾಲು ಬಿಟ್ಟರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.