ತಂತಿಯ ಕೊನೆಯ ಕೋಣೆ

ದೂರವಾಣಿಯ ಗಂಟೆ ಬಾರಿಸಿ ನಾವು ಅದನ್ನು ಕಿವಿಗಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ ‘ಯಾರು?’ ಎಂಬುದು. ಎರಡನೆಯದು ‘ಎಲ್ಲಿಂದ?’ ಎಂಬುದು. ಸಾಮಾನ್ಯ ದಿನಗಳಲ್ಲಿ ಈ ಎರಡನೆಯ ಪ್ರಶ್ನೆ ಬರಿಯ ಉಪಚಾರದ ಮಾತು. ಆದರೆ ಕರೆದವನ ಮನೆಗೆ ಬೆಂಕಿ ಬಿದ್ದಿದ್ದರೆ, ಎದೆನೋವಿನಿಂದ ಅವನ ನಾಲಿಗೆ ತೊದಲುತ್ತಿದ್ದರೆ, ಅಥವಾ ಕರೆದದ್ದು ವಿಳಾಸ ಹೇಳಲು ಬಾರದ ಮಗುವಾಗಿದ್ದರೆ, ‘ಯಾರು?’ ಎಂಬುದು ಹಿಂದೆ ಸರಿದು ‘ಎಲ್ಲಿ?’ ಎಂಬುದೊಂದೇ ಉಳಿಯುತ್ತದೆ. ಆಗ ಉತ್ತರ ಹೇಳಬೇಕಾದದ್ದು ತಂತಿ. ತಂತಿ ಅದನ್ನು ಹೇಳಬಲ್ಲುದೆ? ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಹಳೆಯ ಕಾಲದ ದೂರವಾಣಿಯಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಪ್ರತಿಯೊಬ್ಬ ಚಂದಾದಾರನ ಮನೆಯಿಂದಲೂ ಒಂದು ಜೋಡಿ ತಾಮ್ರದ ತಂತಿ ಹೊರಟು, ಕಂಬಗಳ ಮೇಲೆ ಹಾದು, ನೆಲದಡಿಯಲ್ಲಿ ನುಸುಳಿ, ದೂರವಾಣಿ ವಿನಿಮಯ ಕೇಂದ್ರವನ್ನು ಸೇರುತ್ತಿತ್ತು. ಕೇಂದ್ರದ ಚೌಕಟ್ಟಿನ ಮೇಲೆ ಆ ಜೋಡಿಗೆ ಒಂದು ನಿಶ್ಚಿತ ಸ್ಥಾನ. ಆ ಸ್ಥಾನಕ್ಕೆ ಒಂದು ಸಂಖ್ಯೆ. ಆ ಸಂಖ್ಯೆಗೆ ದಫ್ತರದಲ್ಲಿ ಒಂದು ವಿಳಾಸ. ಕೇಂದ್ರದಲ್ಲಿದ್ದ 48 ವೋಲ್ಟಿನ ಬ್ಯಾಟರಿ, ಮಾತಿಗೆ ಬೇಕಾದ ವಿದ್ಯುತ್ತನ್ನೂ ಅದೇ ಜೋಡಿಯಲ್ಲಿ ಕಳುಹಿಸುತ್ತಿತ್ತು. ಊರಿನ ದೀಪಗಳೆಲ್ಲ ಆರಿದ ರಾತ್ರಿಯಲ್ಲೂ ದೂರವಾಣಿಯೊಂದು ಬದುಕಿರುತ್ತಿದ್ದುದನ್ನು ಹಿರಿಯರು ನೆನೆಯಬಲ್ಲರು. ಅದರ ಗುಟ್ಟು ಇದೇ. ಫೋನನ್ನು ಮನೆಯಿಂದ ಮನೆಗೆ ಒಯ್ಯಬೇಕಾದರೆ ಅರ್ಜಿ ಕೊಡಬೇಕು, ಲೈನ್‌ಮನ್ ಬರಬೇಕು, ದಫ್ತರದಲ್ಲಿ ತಿದ್ದುಪಡಿ ಆಗಬೇಕು. ಕಾಯುವುದು ಬೇಸರದ ಕೆಲಸವೇ ಹೌದು. ಆದರೆ ಆ ಬೇಸರದೊಳಗೆ ಒಂದು ಭದ್ರತೆಯೂ ಇತ್ತು. ವಿಳಾಸ ಬದಲಾಗದೆ ತಂತಿ ಬದಲಾಗುತ್ತಿರಲಿಲ್ಲ.

ಈಗಿನ ದೊಡ್ಡ ಕಚೇರಿ, ಆಸ್ಪತ್ರೆ, ಹೋಟೆಲುಗಳಲ್ಲಿ ಮೇಜಿನ ಮೇಲಿರುವ ಫೋನು ನೋಟಕ್ಕೆ ಅದೇ ಹಳೆಯ ಫೋನಿನ ಸಂತತಿ. ಒಳಗೆ ಅದೊಂದು ಪುಟ್ಟ ಗಣಕಯಂತ್ರ. ಅದಕ್ಕೆ ಬರುವ ಕೇಬಲ್ಲಿನಲ್ಲಿ ಎರಡೆರಡಾಗಿ ಹೆಣೆದ ಎಂಟು ತಂತಿಗಳಿರುತ್ತವೆ. ಅವುಗಳ ಇನ್ನೊಂದು ತುದಿ, ಅಂತಸ್ತಿನ ಮೂಲೆಯ ಸಣ್ಣ ಕೋಣೆಯಲ್ಲಿ, ಸಾಲಾಗಿ 24 ಅಥವಾ 48 ಕಿಂಡಿಗಳಿರುವ ಒಂದು ಪೆಟ್ಟಿಗೆಗೆ ಸೇರಿರುತ್ತದೆ. ಇದನ್ನು ‘ಸ್ವಿಚ್’ ಎನ್ನುತ್ತಾರೆ. ದೀಪ ಹೊತ್ತಿಸುವ ಸ್ವಿಚ್ಚಿಗೂ ಇದಕ್ಕೂ ಹೆಸರೊಂದೇ ಸಮಾನ. ಕಿಂಡಿಗೆ ‘ಪೋರ್ಟ್’ ಎಂದು ಹೆಸರು. ಮಾತು, ಚಿತ್ರ, ಕಾಗದಪತ್ರ ಎಲ್ಲವೂ ಈ ಪೆಟ್ಟಿಗೆಯ ಮೂಲಕವೇ ಹಾಯುತ್ತವೆ. ಇಷ್ಟೇ ಅಲ್ಲ, ಹಳೆಯ ವಿನಿಮಯ ಕೇಂದ್ರದಂತೆ ಈ ಪೆಟ್ಟಿಗೆಯೂ ತಂತಿಯ ಕೊನೆಯಲ್ಲಿರುವ ಸಾಧನಕ್ಕೆ ವಿದ್ಯುತ್ತನ್ನು ಉಣಿಸುತ್ತದೆ. ಅದೂ ಸುಮಾರು ಅದೇ 48 ವೋಲ್ಟಿನಲ್ಲಿ. ಫೋನು, ಚಾವಣಿಯ ಕ್ಯಾಮೆರಾ, ವೈ-ಫೈ ಪೆಟ್ಟಿಗೆ, ಬಾಗಿಲ ಬೀಗ, ಇವಕ್ಕೆಲ್ಲ ಬೇರೆ ವಿದ್ಯುತ್ ತಂತಿ ಬೇಕಿಲ್ಲ.

ಈ ಉಣಿಸುವಿಕೆಯ ಕ್ರಮ ಸ್ವಾರಸ್ಯವಾದುದು. ಕೇಬಲ್ಲಿನ ಕೊನೆಯಲ್ಲಿ ಇಂಥ ವಿದ್ಯುತ್ತನ್ನು ತಾಳದ ಯಂತ್ರವೂ ಇರಬಹುದು. ಕೇಳದೆ ಬಡಿಸಿದರೆ ಅದು ಕೆಟ್ಟೀತು. ಆದ್ದರಿಂದ ಸ್ವಿಚ್ ಮೊದಲು ಹತ್ತು ವೋಲ್ಟಿಗೆ ಮೀರದ ಸಣ್ಣ ಒತ್ತಡವೊಂದನ್ನು ತಂತಿಯಲ್ಲಿ ಬಿಟ್ಟು ನೋಡುತ್ತದೆ. ಆಚೆಯ ತುದಿಯಲ್ಲಿ ಸುಮಾರು 25,000 ಓಮ್‌ಗಳ ರೋಧ ಕಂಡುಬಂದರೆ, ಅಲ್ಲಿ ಕುಳಿತಿರುವ ಅತಿಥಿ ಉಣ್ಣಲೆಂದೇ ಬಂದವನು ಎಂದು ಅದಕ್ಕೆ ತಿಳಿಯುತ್ತದೆ. ಅವನ ಹಸಿವೆಷ್ಟು ಎಂಬುದನ್ನೂ ಅಳೆದುಕೊಂಡು, ಆಮೇಲೆ ಪೂರ್ಣ ಒತ್ತಡವನ್ನು ಕೊಡುತ್ತದೆ. 2003ರಲ್ಲಿ ಒಪ್ಪಿಗೆಯಾದ ಮಾನಕದ ಪ್ರಕಾರ ಪ್ರತಿ ಕಿಂಡಿಯೂ 15.4 ವ್ಯಾಟ್ ಕೊಡಬಹುದಾಗಿತ್ತು. 2009ರಲ್ಲಿ ಅದು 30ಕ್ಕೂ 2018ರಲ್ಲಿ 90ಕ್ಕೂ ಏರಿತು. ಅತಿಥಿ ಎದ್ದುಹೋದುದೂ ಗೊತ್ತಾಗದಿರುವುದಿಲ್ಲ. ಸೇದುತ್ತಿದ್ದ ಪ್ರವಾಹ ನಿಂತುಹೋದರೆ, ಅರ್ಧ ಸೆಕೆಂಡು ಕಳೆಯುವುದರೊಳಗೆ ಸ್ವಿಚ್ ವಿದ್ಯುತ್ತನ್ನು ಕಡಿದುಬಿಡುತ್ತದೆ.

ಹೀಗೆ ತಂತಿಯ ಕೊನೆಯಲ್ಲಿ ಒಬ್ಬನಿದ್ದಾನೆ, ಎಷ್ಟು ಉಣ್ಣುತ್ತಾನೆ, ಯಾವಾಗ ಬಂದ, ಯಾವಾಗ ಹೋದ ಎಂಬುದೆಲ್ಲ ಸ್ವಿಚ್ಚಿಗೆ ಗೊತ್ತು. ಅವನ ಹೆಸರೂ ಗೊತ್ತು. ಜಾಲಕ್ಕೆ ಸೇರುವ ಪ್ರತಿಯೊಂದು ಸಾಧನಕ್ಕೂ ಹುಟ್ಟುವಾಗಲೇ ಹನ್ನೆರಡು ಅಂಕಿ ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕೆ ‘ಮ್ಯಾಕ್ ವಿಳಾಸ’ ಎನ್ನುತ್ತಾರೆ. ವಿಳಾಸವೆಂಬ ಆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಿಜವಾಗಿ ನೋಡಿದರೆ ಅದು ವಿಳಾಸವಲ್ಲ, ಹಚ್ಚೆ. ಹಚ್ಚೆ ಹಾಕಿಸಿಕೊಂಡವನು ಯಾವ ಊರಿಗೆ ಹೋದರೂ ಹಚ್ಚೆ ಅವನೊಡನೆ ಹೋಗುತ್ತದೆ. ಮೂರನೆಯ ಅಂತಸ್ತಿನ ಫೋನನ್ನು ಕಿತ್ತು ಏಳನೆಯ ಅಂತಸ್ತಿನ ಗೋಡೆಗೆ ಚುಚ್ಚಿದರೆ ಅದು ಅಲ್ಲಿ ಎಚ್ಚೆತ್ತು, ತನ್ನ ಹಳೆಯ ದೂರವಾಣಿ ಸಂಖ್ಯೆಯಲ್ಲೇ ಮಾತಾಡತೊಡಗುತ್ತದೆ. ಅರ್ಜಿ ಇಲ್ಲ, ಲೈನ್‌ಮನ್ ಇಲ್ಲ. ಅನುಕೂಲವೇನೋ ದೊಡ್ಡದು. ಆದರೆ ಸಂಖ್ಯೆಗೂ ಸ್ಥಳಕ್ಕೂ ಇದ್ದ ಹಳೆಯ ನಂಟು ಈ ಅನುಕೂಲದಲ್ಲೇ ಕಡಿದುಹೋಯಿತು.

ಇದರ ಬೆಲೆಯೇನೆಂಬುದು ಅಮೆರಿಕದಲ್ಲಿ ನಡೆದ ಚರ್ಚೆಯೊಂದರಿಂದ ಸ್ಪಷ್ಟವಾಗುತ್ತದೆ. ಆ ದೇಶದಲ್ಲಿ ಪೊಲೀಸರಿಗೂ ಅಗ್ನಿಶಾಮಕರಿಗೂ ವೈದ್ಯರ ನೆರವಿಗೂ ಒಂದೇ ಸಂಖ್ಯೆ, 911. ಆ ಸಂಖ್ಯೆಗೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮ ರಾಜ್ಯದ ಹೇಲಿವಿಲ್ ಎಂಬ ಊರಿನಿಂದ. 2013ರ ಡಿಸೆಂಬರ್ 1ರಂದು ಟೆಕ್ಸಸ್ ರಾಜ್ಯದ ಮಾರ್ಷಲ್ ಎಂಬ ಪಟ್ಟಣದ ವಸತಿಗೃಹದ ಕೋಣೆಯಲ್ಲಿ ಕಾರಿ ಹಂಟ್ ಎಂಬ ಮಹಿಳೆಯ ಮೇಲೆ ಪ್ರಾಣಾಂತಿಕ ಹಲ್ಲೆ ನಡೆಯಿತು. ಅವಳ ಒಂಬತ್ತು ವರ್ಷದ ಮಗಳು ತನಗೆ ಕಲಿಸಿದ್ದಂತೆ ಕೋಣೆಯ ಫೋನಿನಲ್ಲಿ 911 ಒತ್ತಿದಳು. ಒಂದು ಸಲವಲ್ಲ, ನಾಲ್ಕು ಸಲ. ಕರೆ ಹೋಗಲಿಲ್ಲ. ಅಂಥ ಕಟ್ಟಡಗಳ ಫೋನಿನಲ್ಲಿ ಹೊರಗಿನ ಸಂಪರ್ಕಕ್ಕೆ ಮೊದಲು ಇನ್ನೊಂದು 9 ಒತ್ತಬೇಕೆಂಬ ಪದ್ಧತಿ ಆ ಮಗುವಿಗೆ ತಿಳಿದಿರಲಿಲ್ಲ. ತಿಳಿದಿರಬೇಕಾಗಿಯೂ ಇರಲಿಲ್ಲ. ತಾಯಿ ಉಳಿಯಲಿಲ್ಲ.

ಕಾರಿ ಹಂಟಳ ತಂದೆ ಹಠ ಹಿಡಿದು ಹೋರಾಡಿದರು. ಅದರ ಫಲವಾಗಿ ಅವಳ ಹೆಸರಿನ ಕಾನೂನಿಗೆ 2018ರ ಫೆಬ್ರವರಿ 16ರಂದು, ಎಂದರೆ ಆ ಮೊದಲ ಕರೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಅಂಕಿತ ಬಿತ್ತು. ಇನ್ನು ಮುಂದೆ ಬರುವ ಇಂಥ ಫೋನುಗಳಲ್ಲಿ ಯಾವ ಪೂರ್ವಾಂಕವೂ ಇಲ್ಲದೆ 911 ನೇರವಾಗಿ ಹೋಗತಕ್ಕದ್ದು. ಕರೆ ಹೋದ ಸುದ್ದಿ ಅದೇ ಹೊತ್ತಿಗೆ ಕಟ್ಟಡದ ಹೊಣೆಗಾರರಿಗೂ ತಿಳಿಯತಕ್ಕದ್ದು. ಆದರೆ ಕರೆ ಹೋಯಿತೆಂದರೆ ಸಾಕೆ? ಮೂವತ್ತು ಅಂತಸ್ತಿನ ಕಟ್ಟಡದ ಎಲ್ಲ ಫೋನುಗಳಿಗೂ ಬೀದಿಯ ವಿಳಾಸ ಒಂದೇ. ಅಂಬುಲೆನ್ಸ್ ಹೆಬ್ಬಾಗಿಲಿಗೆ ಬಂದು ನಿಂತಮೇಲೂ ಮೇಲಿನ ನೂರಾರು ಕೋಣೆಗಳಲ್ಲಿ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದೇ ವರ್ಷದ ಮಾರ್ಚಿಯಲ್ಲಿ ಬಂದ ‘ರೇ ಬಾಮ್’ ಕಾನೂನು ಈ ಕಡೆಗೆ ಗಮನ ಕೊಟ್ಟಿತು. ಅದರ ಆಧಾರದ ಮೇಲೆ ಬಂದ ನಿಯಮಗಳು, ಕರೆಯ ಜೊತೆಗೆ ಅಂತಸ್ತು, ಕೋಣೆ ಮೊದಲಾದ ವಿವರವೂ ಹೋಗಬೇಕೆಂದು ವಿಧಿಸಿದವು. ಸ್ಥಿರವಾದ ಫೋನುಗಳಿಗೆ ಅವು 2021ರ ಜನವರಿ 6ರಿಂದಲೂ, ಸ್ಥಳ ಬದಲಿಸುವಂಥವುಗಳಿಗೆ ಒಂದು ವರ್ಷದ ಅನಂತರವೂ ಜಾರಿಗೆ ಬಂದವು.

ಕಾನೂನು ಕೇಳುವುದು ಸುಲಭ. ತಂತಿ ಹೇಳುವುದು ಹೇಗೆ? ಇದಕ್ಕೆ ತಂತ್ರಜ್ಞರ ಬಳಿ ಹಲವು ಉಪಾಯಗಳುಂಟು.

ಮೊದಲನೆಯದು, ಸ್ವಿಚ್ಚನ್ನೇ ಕೇಳುವುದು. ಯಾವ ಹಚ್ಚೆಯ ಸಾಧನ ಯಾವ ಕಿಂಡಿಯಿಂದ ಮಾತಾಡುತ್ತಿದೆಯೆಂಬ ಪಟ್ಟಿಯನ್ನು ಅದು ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ. ಉತ್ತರ ಖಚಿತ: ‘ಎರಡನೆಯ ಪೆಟ್ಟಿಗೆ, ಹದಿನೇಳನೆಯ ಕಿಂಡಿ.’ ಆದರೆ ಇದು ಹೊರಟ ಸ್ಥಳದ ಮಾತಾಯಿತು, ಮುಟ್ಟಿದ ಸ್ಥಳದ್ದಲ್ಲ. ಈ ಬಗೆಯ ಕೇಬಲ್ಲಿನ ಉದ್ದ ನೂರು ಮೀಟರಿಗೆ ಮೀರಬಾರದೆಂಬ ನಿಯಮವಿರುವುದರಿಂದ, ಸಾಧನ ಅಷ್ಟರೊಳಗೆ ಇದೆಯೆಂದು ಹೇಳಬಹುದು. ನೂರು ಮೀಟರಿನೊಳಗೆ ಎಷ್ಟು ಕೋಣೆಗಳು!

ಎರಡನೆಯದು, ಪ್ರತಿಧ್ವನಿಯ ಉಪಾಯ. ಬಾವಿಗೆ ಕಲ್ಲು ಹಾಕಿ, ಸದ್ದು ಬರುವ ತನಕ ಎಣಿಸಿ ಆಳವನ್ನು ಊಹಿಸುವಂತೆ, ಎದುರಿನ ಸಾಧನವನ್ನು ಕಳಚಿ ತಂತಿಯೊಳಗೆ ಒಂದು ಮಿಡಿತವನ್ನು ಬಿಡುತ್ತಾರೆ. ಅದು ತೆರೆದ ತುದಿಗೆ ತಾಗಿ ಹಿಂದಿರುಗುತ್ತದೆ. ತಂತಿಯಲ್ಲಿ ಅದರ ವೇಗ ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು. ಎಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಅಂಶದಲ್ಲಿ ಸುಮಾರು ಇಪ್ಪತ್ತು ಸೆಂಟಿಮೀಟರ್. ಅಂಥ 400 ಅಂಶಗಳಲ್ಲಿ ಪ್ರತಿಧ್ವನಿ ಬಂದರೆ ಹೋಗಿ ಬಂದ ದಾರಿ 80 ಮೀಟರ್, ತಂತಿಯ ಉದ್ದ 40. ತಂತಿ ಎಲ್ಲಿ ತುಂಡಾಗಿದೆಯೆಂದು ತಿಳಿಯಲು ಇದು ಒಳ್ಳೆಯ ದಾರಿ. ಆದರೆ ಉದ್ದವೇ ಬೇರೆ, ದಿಕ್ಕೇ ಬೇರೆ. ಆ 40 ಮೀಟರ್ ಚಾವಣಿಗೆ ಏರಿ, ಎರಡು ಮೂಲೆ ತಿರುಗಿ, ಎಲ್ಲೋ ಸುರುಳಿಯಾಗಿ ಬಿದ್ದುಕೊಂಡು, ಗೋಡೆಯೊಳಗೆ ಇಳಿದಿರುತ್ತದೆ. ಬಾವಿಯ ಆಳ ತಿಳಿಯಿತು. ಬಾವಿ ಯಾವ ಹಿತ್ತಿಲಿನದೆಂದು ತಿಳಿಯಲಿಲ್ಲ.

ಮೂರನೆಯದು, ವಿದ್ಯುತ್ತನ್ನೇ ದೂತನನ್ನಾಗಿ ಮಾಡುವುದು. ಕಿಂಡಿಯ ವಿದ್ಯುತ್ತನ್ನು ಒಂದು ಗಳಿಗೆ ನಿಲ್ಲಿಸಿದರೆ ಎಲ್ಲೋ ಒಂದು ಫೋನು ಕಣ್ಣು ಮುಚ್ಚುತ್ತದೆ. ಅದನ್ನು ಕಂಡವರಿದ್ದರೆ ಸ್ಥಳ ಗೊತ್ತಾಯಿತು. ಆದರೆ ಕಾಣಲು ಅಲ್ಲಿ ಒಬ್ಬರು ಇರಬೇಕಷ್ಟೆ. ಕಣ್ಣು ಮುಚ್ಚಿದ್ದು ಫೋನಾಗಿರದೆ ಆಸ್ಪತ್ರೆಯ ಕರೆಗಂಟೆಯಾಗಿದ್ದರೆ, ಈ ಪರೀಕ್ಷೆಯೇ ಒಂದು ಅಪಘಾತವಾದೀತು.

ನಾಲ್ಕನೆಯದು ಎಲ್ಲಕ್ಕಿಂತ ಜಾಣ್ಮೆಯದು. ನೆರೆಹೊರೆಯ ಸಾಧನಗಳು ತಂತಮ್ಮ ಪರಿಚಯವನ್ನು ಆಗಾಗ ಹೇಳಿಕೊಳ್ಳುವ ಪದ್ಧತಿಯೊಂದು 2005ರಲ್ಲಿ ಮಾನಕವಾಯಿತು. ಮರುವರ್ಷ ಅದಕ್ಕೆ ಸೇರಿದ ವಿಸ್ತರಣೆಯಿಂದ, ಸ್ವಿಚ್ ತನಗೆ ಸೇರಿದ ಫೋನಿಗೆ ‘ನೀನಿರುವುದು ಇಂಥ ಕಟ್ಟಡದ ಇಂಥ ಅಂತಸ್ತಿನ ಇಂಥ ಕೋಣೆ’ ಎಂದು ತಿಳಿಸಬಹುದಾಯಿತು. ಅಪಾಯದ ಕರೆಯಲ್ಲಿ ಫೋನು ಆ ಪಾಠವನ್ನು ಒಪ್ಪಿಸಬಲ್ಲುದು. ಫೋನಿಗೆ ತನ್ನ ಸ್ಥಳ ತಿಳಿದಿದೆಯೆಂದು ನಮಗೆ ಭಾಸವಾಗುತ್ತದೆ. ಫೋನಿಗೆ ಅದನ್ನು ಹೇಳಿಕೊಟ್ಟದ್ದು ಸ್ವಿಚ್. ಸ್ವಿಚ್ಚಿಗೆ ಹೇಳಿಕೊಟ್ಟವರು ಯಾರು? ಹದಿನೇಳನೆಯ ಕಿಂಡಿಯ ತಂತಿ 412ನೆಯ ಕೋಣೆಯ ಗೋಡೆಗೆ ಹೋಗಿದೆಯೆಂದು ಕಣ್ಣಾರೆ ನೋಡಿ, ಕೈಯಾರೆ ಬರೆದ ಒಬ್ಬ ಮನುಷ್ಯ.

ಮೇಜಿನ ಫೋನನ್ನು ಬಿಟ್ಟು ತಂತಿಯಿಲ್ಲದ ಫೋನಿಗೆ ಬಂದರೂ ನಾವು ಮುಟ್ಟುವುದು ಅಲ್ಲಿಗೇ. ಅದು ಯಾವ ವೈ-ಫೈ ಪೆಟ್ಟಿಗೆಯ ಬಳಿ ಇದೆಯೆಂದು ಜಾಲ ಹೇಳಬಲ್ಲುದು. ಆ ಪೆಟ್ಟಿಗೆಯಾದರೋ ಚಾವಣಿಯಲ್ಲಿ ಒಂದು ಕೇಬಲ್ಲಿನ ಕೊನೆಗೆ ನೇತಾಡುತ್ತಿರುತ್ತದೆ. ಅದು ಯಾವ ಚಾವಣಿ ಎಂಬುದನ್ನು ಮತ್ತೆ ಅದೇ ಪಟ್ಟಿಯಲ್ಲಿ ಹುಡುಕಬೇಕು.

ಆದ್ದರಿಂದ ಇಡೀ ವ್ಯವಸ್ಥೆ ನಿಂತಿರುವುದು ಒಂದು ದಫ್ತರದ ಮೇಲೆ. ಗೋಡೆಯ ಪ್ರತಿ ಕಿಂಡಿಗೂ ಕೇಬಲ್ಲಿನ ಎರಡು ತುದಿಗೂ ಒಂದೇ ಗುರುತಿನ ಚೀಟಿ ಇರಬೇಕು, ಬದಲಾವಣೆಯಾದಾಗಲೆಲ್ಲ ದಾಖಲೆಯೂ ಬದಲಾಗಬೇಕು ಎಂಬುದಕ್ಕೆ ಅಮೆರಿಕದಲ್ಲಿ 1993ರಷ್ಟು ಹಿಂದೆಯೇ ಮಾನಕವನ್ನು ರಚಿಸಿದ್ದಾರೆ. ಆದರೆ ದಫ್ತರ ಕೆಡುವುದು ದುರುದ್ದೇಶದಿಂದಲ್ಲ, ಅವಸರದಿಂದ. ರಾತ್ರಿ ಹನ್ನೊಂದು ಗಂಟೆಗೆ ಒಂದು ಕಿಂಡಿ ಕೆಟ್ಟಿತು. ದುರಸ್ತಿಗೆ ಬಂದವನು ತಂತಿಯನ್ನು ಪಕ್ಕದ ಕಿಂಡಿಗೆ ಚುಚ್ಚಿ, ಬೆಳಗ್ಗೆ ಬರೆದರಾಯಿತೆಂದು ಮನೆಗೆ ಹೋದ. ಬೆಳಗ್ಗೆ ಬೇರೆ ಕೆಲಸ ಬಂತು. ಇನ್ನೊಂದು ವರ್ಷ ಅಡ್ಡಗೋಡೆ ಒಡೆದು ಎರಡು ಕೋಣೆ ಒಂದಾಯಿತು, ಬಾಗಿಲ ಸಂಖ್ಯೆ ಬದಲಾಯಿತು. ಫೋನುಗಳೆಲ್ಲ ಎಂದಿನಂತೆ ಮಾತಾಡುತ್ತಲೇ ಇವೆ. ಯಾರಿಗೂ ಯಾವ ಕೊರತೆಯೂ ಕಾಣುವುದಿಲ್ಲ. ತಪ್ಪು ದಾಖಲೆಯ ಗುಣವೇ ಅದು. ಅದು ಸದ್ದು ಮಾಡುವುದಿಲ್ಲ. ಅದು ಬಯಲಾಗುವುದು, ಯಾರೋ ಒಬ್ಬರು ಉಸಿರಿಗಾಗಿ ಒದ್ದಾಡುತ್ತಿರುವ ದಿನ. ನೆರವಿಗೆ ಬಂದವರು ಮೆಟ್ಟಿಲು ಹತ್ತಿ, ಇಲ್ಲದ ಕೋಣೆಯ ಬಾಗಿಲು ಹುಡುಕುತ್ತಿರುವಾಗ. ದಾಖಲೆಯೇ ಇಲ್ಲದಿದ್ದರೆ ಅವರು ಎಲ್ಲೆಡೆ ಹುಡುಕುತ್ತಿದ್ದರು. ತಪ್ಪು ದಾಖಲೆಯನ್ನು ನಂಬಿದವರು ಒಂದೇ ಕಡೆ ಹುಡುಕುತ್ತಾರೆ.

ಇದಕ್ಕೆ ಪರಿಹಾರವೇನು? ಹೊಸ ಯಂತ್ರವಲ್ಲ. ವರ್ಷಕ್ಕೊಮ್ಮೆಯಾದರೂ ಒಬ್ಬರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ನಡೆಯಬೇಕು. ಗೋಡೆಯ ಚೀಟಿಯನ್ನು ಓದಬೇಕು, ಸ್ವಿಚ್ಚಿನ ಪಟ್ಟಿಯೊಡನೆ ತಾಳೆ ನೋಡಬೇಕು, ತಪ್ಪಿದ್ದರೆ ಅಲ್ಲಿಯೇ ನಿಂತು ತಿದ್ದಬೇಕು. ತಂತಿಯನ್ನು ಸರಿಸಿದ ಕೈ, ಏಣಿಯಿಂದ ಇಳಿಯುವ ಮೊದಲೇ ಅದನ್ನು ಬರೆಯಬೇಕು. ಯಾರ ಕಣ್ಣಿಗೂ ಬೀಳದ, ಯಾರ ಹೊಗಳಿಕೆಯನ್ನೂ ಪಡೆಯದ ಕೆಲಸ ಇದು.

ತಂತಿ ವಿದ್ಯುತ್ತನ್ನು ಒಯ್ಯುತ್ತದೆ, ಮಾತನ್ನು ಒಯ್ಯುತ್ತದೆ. ತನ್ನ ತುದಿಯಲ್ಲಿ ಜೀವವೊಂದು ಕಾಯುತ್ತಿದೆಯೆಂಬ ಸುದ್ದಿಯನ್ನೂ ಒಯ್ಯಬಲ್ಲುದು. ಆ ತುದಿ ಇರುವ ಕೋಣೆಯ ಹೆಸರನ್ನು ಮಾತ್ರ ಮನುಷ್ಯ ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು.